ಹ್ಯಾಲೋವೀನ್ ಕಾರ್ಡ್‌ನ ಇಂಕ್ ವಿಷವೇ? 'ನಾನ್-ಟಾಕ್ಸಿಕ್' ಎಂದರೆ ನಿಜಕ್ಕೂ ಏನರ್ಥ?

ಸಾರಾಂಶ

ಅಕ್ಟೋಬರ್ ಬಂತೆಂದರೆ ಪಾಳುಮನೆ, ಬಾವಲಿ, ಜೇಡರ ಬಲೆಯ ಕಾರ್ಡ್ ಮಾಡುವ ವಿಡಿಯೋಗಳು ಫೋನಿನಲ್ಲಿ ಸಾಲುಗಟ್ಟುತ್ತವೆ. ಅವುಗಳ ಹಿಂದೆಯೇ ಮೂರು ಬಗೆಯ ಮಾತುಗಳೂ ಹರಿದಾಡುತ್ತವೆ. ಒಂದು, 'ನಾನ್-ಟಾಕ್ಸಿಕ್ ಎಂದು ಬರೆದಿದ್ದರೆ ಮಕ್ಕಳ ಬಾಯಿಗೆ ಹೋದರೂ ಏನೂ ಆಗದು'. ಎರಡು, 'ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿ ವಿಕಿರಣವಿದೆ'. ಮೂರು, 'ಮಕ್ಕಳಿಗೆ ಕೊಡುವ ಚಿತ್ರದ ಸ್ಟಿಕರ್‌ಗಳಿಗೆ ಮಾದಕ ದ್ರವ್ಯ ಸವರಿರುತ್ತಾರೆ'. ಈ ಮೂರನ್ನೂ ನಾವು ಪರಿಶೀಲಿಸಿದ್ದೇವೆ. ಮೊದಲನೆಯದು ಅರ್ಧ ಸತ್ಯ, ಉಳಿದೆರಡು ಸುಳ್ಳು. ಈ ಹವ್ಯಾಸದಲ್ಲಿ ನಿಜಕ್ಕೂ ಎಚ್ಚರ ಬೇಕಾದ ವಸ್ತುಗಳು ಬೇರೆಯೇ ಇವೆ. ಅವುಗಳ ಬಗ್ಗೆ ಫಾರ್ವರ್ಡ್‌ಗಳು ಚಕಾರ ಎತ್ತುವುದಿಲ್ಲ.

ಹ್ಯಾಲೋವೀನ್‌ಗೂ ಕಾಗದಕ್ಕೂ ಏನು ನಂಟು?

ಅಕ್ಟೋಬರ್ 31ರ ಈ ಹಬ್ಬದ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿದೆ. 19ನೇ ಶತಮಾನದಲ್ಲಿ ವಲಸೆ ಹೋದವರ ಜೊತೆ ಅದು ಅಮೆರಿಕಕ್ಕೆ ಹೋಯಿತು. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ಹ್ಯಾಲೋವೀನ್ ಪೋಸ್ಟ್‌ಕಾರ್ಡ್ ಕಳಿಸುವುದು ದೊಡ್ಡ ಗೀಳಾಗಿತ್ತು. ಅವುಗಳಲ್ಲಿ ಎಷ್ಟೋ ಕಾರ್ಡ್‌ಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಮ್ಯಾಸಚೂಸೆಟ್ಸ್‌ನ ಡೆನಿಸನ್ ಎಂಬ ಕಾಗದದ ಕಂಪನಿ 1909ರಲ್ಲಿ 'ಬೋಗಿ ಬುಕ್' ಎಂಬ ಪುಸ್ತಿಕೆಯನ್ನು ಹೊರತಂದು, ಕಾಗದದಿಂದ ಹಬ್ಬದ ಅಲಂಕಾರ ಮಾಡುವುದನ್ನು ಜನರಿಗೆ ಹೇಳಿಕೊಟ್ಟಿತು.

ಇಂದಿನ ಮಿಕ್ಸೆಡ್ ಮೀಡಿಯಾ ಕಾರ್ಡ್‌ಗಳು ಆ ಹಳೆಯ ನೋಟವನ್ನೇ ಮತ್ತೆ ತರಲು ನೋಡುತ್ತವೆ. ಮಿಕ್ಸೆಡ್ ಮೀಡಿಯಾ ಎಂದರೆ ಒಂದೇ ಹಾಳೆಯ ಮೇಲೆ ಸ್ಟ್ಯಾಂಪ್, ಇಂಕ್, ಜಲವರ್ಣ, ಹಳೆಯ ಪತ್ರಿಕೆಯ ಚೂರು, ದಾರ, ಬಟ್ಟೆ ಎಲ್ಲವನ್ನೂ ಸೇರಿಸುವುದು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಕ್ಕಳು ಶಾಲೆಯಿಂದ ಇದನ್ನು ಕಲಿತು ಬರುತ್ತಾರೆ. ಬೆಂಗಳೂರಿನ ಕೆಲವು ಶಾಲೆ ಮತ್ತು ಅಪಾರ್ಟ್‌ಮೆಂಟ್‌ಗಳಿಗೂ ಇದು ಬಂದಿದೆ.

ಯಾವ ಇಂಕ್ ಹೇಗೆ ಕೆಲಸ ಮಾಡುತ್ತದೆ?

ಅಂಗಡಿಯಲ್ಲಿ ಎಲ್ಲ ಇಂಕ್ ಪ್ಯಾಡ್‌ಗಳೂ ಒಂದೇ ರೀತಿ ಕಾಣುತ್ತವೆ. ಆದರೆ ಒಳಗಿರುವುದು ಬೇರೆ ಬೇರೆ. ಇದು ಗೊತ್ತಿದ್ದರೆ ಕಾರ್ಡೂ ಚೆನ್ನಾಗಿ ಬರುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದೂ ತಿಳಿಯುತ್ತದೆ.

• ಡೈ ಇಂಕ್: ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಕಾಗದದ ನಾರಿನೊಳಗೆ ಇಳಿದು ಬೇಗ ಒಣಗುತ್ತದೆ. ಇದರಲ್ಲಿ ಕೆಲವು, ಉದಾಹರಣೆಗೆ ರೇಂಜರ್ ಕಂಪನಿಯ ಡಿಸ್ಟ್ರೆಸ್ ಇಂಕ್, ಒಣಗಿದ ಮೇಲೂ ನೀರು ತಾಗಿದರೆ ಹರಡುವಂತೆ ತಯಾರಾದವು.
• ಪಿಗ್ಮೆಂಟ್ ಇಂಕ್: ಬಣ್ಣದ ಸಣ್ಣ ಕಣಗಳು ಕರಗದೆ ತೇಲುತ್ತಿರುತ್ತವೆ. ಕಾಗದದ ಮೇಲೆಯೇ ಕೂರುವುದರಿಂದ ನಿಧಾನವಾಗಿ ಒಣಗುತ್ತದೆ. ಕಪ್ಪು ಹಾಳೆಯ ಮೇಲೆ ಬಿಳಿ ಅಸ್ಥಿಪಂಜರ ಎದ್ದು ಕಾಣಬೇಕಾದರೆ ಇದೇ ಬೇಕು. ಡೈ ಇಂಕ್ ಅಲ್ಲಿ ಮಾಯವಾಗುತ್ತದೆ.
• ಎಂಬಾಸಿಂಗ್ ಇಂಕ್: ಬಣ್ಣವಿಲ್ಲದ ಅಂಟು ಇಂಕ್. ಇದರ ಮೇಲೆ ಪ್ಲಾಸ್ಟಿಕ್‌ನಂತಹ ರಾಳದ ಪುಡಿ ಉದುರಿಸಿ ಬಿಸಿ ಮಾಡಿದರೆ ಪುಡಿ ಕರಗಿ ಉಬ್ಬು ಗೆರೆಯಾಗುತ್ತದೆ.
• ಆಲ್ಕೋಹಾಲ್ ಇಂಕ್: ಬಣ್ಣ ನೀರಿನ ಬದಲು ಆಲ್ಕೋಹಾಲ್‌ನಲ್ಲಿ ಕರಗಿರುತ್ತದೆ. ಗಾಜು, ಲೋಹ, ನುಣುಪು ಹಾಳೆಯ ಮೇಲೂ ಹಿಡಿಯುತ್ತದೆ. ಬೇಗ ಆರುತ್ತದೆ, ಅಷ್ಟೇ ಬೇಗ ಬೆಂಕಿಯೂ ಹೊತ್ತಿಕೊಳ್ಳುತ್ತದೆ.

ಪಾಳುಮನೆ ಕಾರ್ಡ್ ಮಾಡುವುದು ಹೇಗೆ?

1. ಹಿನ್ನೆಲೆ: 300 ಜಿಎಸ್‌ಎಂ ಜಲವರ್ಣದ ಹಾಳೆ ತೆಗೆದುಕೊಳ್ಳಿ. ತೆಳು ಹಾಳೆ ನೀರಿಗೆ ಸುರುಟಿಕೊಳ್ಳುತ್ತದೆ. ದುಂಡಗೆ ಕತ್ತರಿಸಿದ ಕಾಗದವೊಂದನ್ನು ಸುಲಭವಾಗಿ ಬಿಡಿಸಲು ಬರುವಂತೆ ಅಂಟಿಸಿ. ಅದು ಚಂದ್ರನ ಜಾಗ. ಅದರ ಸುತ್ತ ಸ್ಪಂಜಿನಿಂದ ನೀರಿಗೆ ಹರಡುವ ಡೈ ಇಂಕ್ ಹಚ್ಚಿ. ಮೊದಲು ಹಳದಿ, ಆಮೇಲೆ ಕಿತ್ತಳೆ, ಅಂಚಿಗೆ ನೇರಳೆ. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋದರೆ ತಿಳಿ ಬಣ್ಣ ಕೊಳೆಯಾಗುವುದಿಲ್ಲ.

2. ಮಂಜು: ಬೆರಳಿನಿಂದ ನೀರು ಚಿಮುಕಿಸಿ, ಕೆಲವು ಸೆಕೆಂಡ್ ಬಿಟ್ಟು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಹನಿ ಬಿದ್ದಲ್ಲಿ ಬಣ್ಣ ಕರಗಿ ಮೇಲೆದ್ದು ಬಿಳಿಚಿದ ಕಲೆ ಉಳಿಯುತ್ತದೆ. ಬೂಷ್ಟು ಹಿಡಿದ ಗೋಡೆಯಂತೆ ಕಾಣುವುದು ಇದರಿಂದಲೇ.

3. ಮನೆ ಮತ್ತು ಬೋಳು ಮರ: ಹಾಳೆ ಪೂರ್ತಿ ಒಣಗಿದ ಮೇಲೆ ಚಂದ್ರನ ಮುಚ್ಚಳ ತೆಗೆದು, ನೀರಿಗೆ ಕದಡದ ಕಪ್ಪು ಇಂಕ್‌ನಿಂದ ಸ್ಟ್ಯಾಂಪ್ ಒತ್ತಿ. ಈ ಕಪ್ಪನ್ನೂ ನೀರಿಗೆ ಹರಡುವ ಇಂಕ್‌ನಿಂದ ಮಾಡಿದರೆ ಮುಂದೆ ಒಂದು ಹನಿ ಬಿದ್ದರೂ ಮನೆ ಕರಗಿ ಹರಿಯುತ್ತದೆ.

4. ಜೇಡರ ಬಲೆ: ಮೂಲೆಯಲ್ಲಿ ಎಂಬಾಸಿಂಗ್ ಇಂಕ್‌ನಿಂದ ಬಲೆ ಒತ್ತಿ, ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ ಡಬ್ಬಿಗೆ ವಾಪಸ್ ಹಾಕಿ. ಹೀಟ್ ಗನ್ ಹಿಡಿದಾಗ ಪುಡಿ ಮಂಕಾಗಿದ್ದದ್ದು ಹೊಳಪಾದರೆ ಕರಗಿದೆ ಎಂದರ್ಥ. ಕೂದಲು ಒಣಗಿಸುವ ಡ್ರೈಯರ್ ಇದಕ್ಕೆ ಸಾಲದು. ಅದರ ಬಿಸಿ ಕಡಿಮೆ, ಗಾಳಿ ಜಾಸ್ತಿ. ಪುಡಿ ಕರಗುವ ಮುನ್ನವೇ ಹಾರಿಹೋಗುತ್ತದೆ.

5. ಹಳೆಯ ಕಾಗದ: ಪತ್ರಿಕೆಯನ್ನು ಕೈಯಲ್ಲೇ ಹರಿದು ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ. ಪತ್ರಿಕೆ ತಾನಾಗಿಯೇ ಹಳದಿಯಾಗಲು ಮರದ ನಾರಿನಲ್ಲಿರುವ ಲಿಗ್ನಿನ್ ಕಾರಣ. ಅದಕ್ಕೆ ತಿಂಗಳುಗಟ್ಟಲೆ ಗಾಳಿ, ಬೆಳಕು ಬೇಕು. ಚಹಾ ಅದೇ ನೋಟವನ್ನು ಅರ್ಧ ಗಂಟೆಯಲ್ಲಿ ಕೊಡುತ್ತದೆ. ತುಕ್ಕು ಹಿಡಿದ ಮೊಳೆಯನ್ನು ವಿನೆಗರ್‌ನಲ್ಲಿ ನೆನೆಸಿಟ್ಟ ನೀರನ್ನು ಅದರ ಮೇಲೆ ಸವರಿದರೆ ಕಂದು ಬಣ್ಣ ಬೂದುಗಪ್ಪಾಗುತ್ತದೆ. ಚಹಾದಲ್ಲಿರುವ ಟ್ಯಾನಿನ್, ಅಂದರೆ ಒಗರು, ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದರಿಂದ ಹೀಗಾಗುತ್ತದೆ. ಯೂರೋಪಿನವರು ಶತಮಾನಗಳ ಕಾಲ ಬರೆದ ಶಾಯಿಯೂ, ನಮ್ಮ ಕಲಂಕಾರಿ ಬಟ್ಟೆಯ ಅಳಲೆಕಾಯಿ ಕಪ್ಪೂ ಇದೇ ಜೋಡಿಯಿಂದ ಆದವು.

6. ಜೋಡಣೆ: ಪತ್ರಿಕೆಯ ಚೂರುಗಳನ್ನು ಕೆಳಗೆ ಅಂಟಿಸಿ. ಕಪ್ಪು ಹಾಳೆಯಿಂದ ಕತ್ತರಿಸಿದ ಬಾವಲಿಗಳನ್ನು ದಪ್ಪ ಫೋಮ್ ಟೇಪ್ ಮೇಲೆ ಕೂರಿಸಿದರೆ ಅವುಗಳ ನೆರಳು ಚಂದ್ರನ ಮೇಲೆ ಬೀಳುತ್ತದೆ.

ಹೇಳಿಕೆ 1: 'ನಾನ್-ಟಾಕ್ಸಿಕ್ ಎಂದರೆ ಬಾಯಿಗೆ ಹೋದರೂ ಪರವಾಗಿಲ್ಲ'

ತೀರ್ಪು: ಅರ್ಧ ಸತ್ಯ.

ಈ ಮಾತು ಹೇಳುವುದು ಇಷ್ಟೇ: ಯಾವ ಕೆಲಸಕ್ಕೆ ವಸ್ತುವನ್ನು ಮಾಡಿದ್ದಾರೋ ಆ ಕೆಲಸಕ್ಕೆ ಬಳಸಿದಾಗ ಮತ್ತು ಊಹಿಸಬಹುದಾದ ಸಣ್ಣಪುಟ್ಟ ತಪ್ಪು ಬಳಕೆಯಲ್ಲಿ ಅದು ವಿಷವಾಗುವುದಿಲ್ಲ. ಮಗು ಬೆರಳಿನ ಇಂಕ್ ನೆಕ್ಕಿತು ಎಂದು ಗಾಬರಿಯಾಗಬೇಕಿಲ್ಲ, ಬಾಯಿ ತೊಳೆಸಿದರೆ ಸಾಕು. ಆದರೆ 'ತಿನ್ನಬಹುದು' ಎಂದು ಆ ಪದ ಎಲ್ಲೂ ಹೇಳಿಲ್ಲ.

ಈ ವ್ಯತ್ಯಾಸ ಮರೆತರೆ ಏನಾಗುತ್ತದೆ? 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಿಂದ 6 ಮಕ್ಕಳು ವಾಂತಿಯಾಗಿ ಅಸ್ವಸ್ಥರಾದರು. ಕೇಕ್ ಮೇಲೆ ಹಾಕಿದ್ದ ಹೊಳೆಯುವ ಪುಡಿ ತಿನ್ನುವಂಥದ್ದಾಗಿರಲಿಲ್ಲ, ಅದರಲ್ಲಿ ತಾಮ್ರ ವಿಪರೀತವಾಗಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರಲ್ಲಿ ಈ ಪ್ರಕರಣವನ್ನು ವರದಿ ಮಾಡಿತು. ಕರಕುಶಲಕ್ಕೆ ತಂದ ಗ್ಲಿಟರ್, ಮೈಕಾ ಪುಡಿ ಕಾಗದದ ಮೇಲೆ ಮಾತ್ರ ಇರಲಿ. ಹಬ್ಬದ ಕಪ್‌ಕೇಕ್ ಮೇಲೆ ಬೇಡ.

ಡಬ್ಬಿಯ ಮೇಲಿನ ಇನ್ನೂ ಕೆಲವು ಮಾತುಗಳನ್ನು ಜನ ತಪ್ಪಾಗಿ ಓದುತ್ತಾರೆ.

• 'ಎಎಸ್‌ಟಿಎಂ ಡಿ-4236ಕ್ಕೆ ಅನುಗುಣ': ಇದು ಸುರಕ್ಷತೆಯ ಪ್ರಮಾಣಪತ್ರವಲ್ಲ. ವಸ್ತುವನ್ನು ವಿಷಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ, ದೀರ್ಘಕಾಲದ ಅಪಾಯವಿದ್ದರೆ ಎಚ್ಚರಿಕೆ ಮುದ್ರಿಸಲಾಗಿದೆ ಎಂದಷ್ಟೇ ಅರ್ಥ. ಅಮೆರಿಕದಲ್ಲಿ ಇದನ್ನು ಕಡ್ಡಾಯ ಮಾಡಿದ ಕಾನೂನು ಬಂದದ್ದು 1988ರಲ್ಲಿ. ಅಪಾಯಕಾರಿ ವಸ್ತುವಿನ ಮೇಲೂ ಈ ಸಾಲು ಇರಬಹುದು. ಪಕ್ಕದಲ್ಲಿ ಎಚ್ಚರಿಕೆ ಇದೆಯೇ ನೋಡಿ.
• 'ಎಪಿ' ಮತ್ತು 'ಸಿಎಲ್' ಮುದ್ರೆ: ಎರಡನ್ನೂ ಕೊಡುವುದು ಅಮೆರಿಕದ ಎಸಿಎಂಐ ಎಂಬ ಸಂಸ್ಥೆ. ಎಪಿ ಎಂದರೆ ವಿಷಕಾರಿಯಲ್ಲ ಎಂದು ಒಪ್ಪಿದ ವಸ್ತು. ಸಿಎಲ್ ಎಂದರೆ ಎಚ್ಚರಿಕೆ ಪಾಲಿಸಿ ಬಳಸಬೇಕಾದದ್ದು. ಮಕ್ಕಳಿಗೆ ಎಪಿ ಇರುವುದನ್ನೇ ಕೊಡಿ.
• 'ಆಸಿಡ್-ಫ್ರೀ', 'ಆರ್ಕೈವಲ್': ಇವು ಕಾಗದ ಬೇಗ ಹಾಳಾಗುವುದಿಲ್ಲ, ಬಣ್ಣ ಬಹುಕಾಲ ಬಾಳುತ್ತದೆ ಎಂಬುದನ್ನು ಹೇಳುತ್ತವೆ. ನಿಮ್ಮ ಆರೋಗ್ಯಕ್ಕೂ ಇವಕ್ಕೂ ಸಂಬಂಧವಿಲ್ಲ.

ಇಂಕ್ ಸ್ಟ್ಯಾಂಪನ್ನು ಮಕ್ಕಳ ಕೆನ್ನೆಗೆ ಒತ್ತಬಹುದೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕಾಗದಕ್ಕೆ ಮಾಡಿದ ಇಂಕನ್ನು ಚರ್ಮಕ್ಕೆಂದು ಪರೀಕ್ಷಿಸಿರುವುದಿಲ್ಲ. ಚರ್ಮಕ್ಕೆ ಹಚ್ಚುವ ಶಾಯಿಯ ರಸಾಯನವೇ ಬೇರೆ. ಮೈಸೂರಿನಲ್ಲಿ ತಯಾರಾಗುವ ಚುನಾವಣೆಯ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೆ ವರ್ತಿಸಿ ಬೆಳಕಿಗೆ ಕಪ್ಪಾಗುತ್ತದೆ. ಅದನ್ನು ಹಚ್ಚುವುದು ಬೆರಳಿಗೆ ಒಂದು ಗೆರೆಯಷ್ಟೇ. ಮುಖಕ್ಕೆ ಮುಖದ ಬಣ್ಣವನ್ನೇ ಬಳಸಿ.

ಹೇಳಿಕೆ 2: 'ಕತ್ತಲಲ್ಲಿ ಹೊಳೆಯುವ ಬಣ್ಣದಲ್ಲಿ ವಿಕಿರಣವಿದೆ'

ತೀರ್ಪು: ಸುಳ್ಳು, ಆದರೆ ಈ ಭಯಕ್ಕೆ ಒಂದು ನಿಜವಾದ ಇತಿಹಾಸವಿದೆ.

ಸುಮಾರು ನೂರು ವರ್ಷಗಳ ಹಿಂದೆ ಗಡಿಯಾರದ ಅಂಕಿಗಳಿಗೆ ಹಚ್ಚುತ್ತಿದ್ದ ಬಣ್ಣದಲ್ಲಿ ರೇಡಿಯಂ ಇತ್ತು. ನ್ಯೂಜೆರ್ಸಿಯ ಆರೆಂಜ್ ಮತ್ತು ಇಲಿನಾಯ್‌ನ ಒಟ್ಟಾವಾದ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಕೆಲಸ ಮಾಡಿದ ಹೆಣ್ಣುಮಕ್ಕಳ ದವಡೆ ಮತ್ತು ಮೂಳೆಗಳು ಕೊಳೆತವು, ಹಲವರು ಸತ್ತರು. 'ರೇಡಿಯಂ ಗರ್ಲ್ಸ್' ಎಂದು ಜಗತ್ತು ಅವರನ್ನು ನೆನೆಯುತ್ತದೆ.

ಇಂದಿನ ಕರಕುಶಲ ಬಣ್ಣಗಳಲ್ಲಿರುವುದು ಝಿಂಕ್ ಸಲ್ಫೈಡ್ ಅಥವಾ ಸ್ಟ್ರಾನ್ಶಿಯಂ ಅಲ್ಯುಮಿನೇಟ್. ಇವು ಬೆಳಕನ್ನು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತವೆ. ಮನೆಯಲ್ಲೇ ಪರೀಕ್ಷಿಸಿ: ಕಾರ್ಡನ್ನು ಒಂದು ದಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಕತ್ತಲಲ್ಲೇ ತೆಗೆದು ನೋಡಿದರೆ ಹೊಳಪು ಹೋಗಿರುತ್ತದೆ, ದೀಪದ ಕೆಳಗೆ ಹಿಡಿದರೆ ಮತ್ತೆ ಬರುತ್ತದೆ. ರೇಡಿಯಂ ಬಣ್ಣಕ್ಕೆ ಹೀಗೆ ಬೆಳಕು ಕುಡಿಸಬೇಕಿರಲಿಲ್ಲ.

ಹೇಳಿಕೆ 3: 'ಮಕ್ಕಳ ಸ್ಟಿಕರ್‌ನಲ್ಲಿ ಮಾದಕ ದ್ರವ್ಯ'

ತೀರ್ಪು: ಸುಳ್ಳು.

ಈ ಸಂದೇಶ ವಾಟ್ಸಾಪ್‌ಗಿಂತ ಹಳೆಯದು. 'ಬ್ಲೂ ಸ್ಟಾರ್' ಎಂಬ ನೀಲಿ ನಕ್ಷತ್ರದ ಅಂಟು ಚಿತ್ರದಲ್ಲಿ ಎಲ್‌ಎಸ್‌ಡಿ ಇದೆ, ಮುಟ್ಟಿದರೂ ಸಾಕು ಮಕ್ಕಳಿಗೆ ಅಪಾಯ ಎಂಬ ಎಚ್ಚರಿಕೆ 1980ರ ದಶಕದಲ್ಲೇ ಅಮೆರಿಕದ ಶಾಲೆಗಳಲ್ಲಿ ಜೆರಾಕ್ಸ್ ಪ್ರತಿಗಳಾಗಿ ಹಂಚಿಕೆಯಾಗುತ್ತಿತ್ತು. ಆಮೇಲೆ ಫ್ಯಾಕ್ಸ್, ಇಮೇಲ್, ಈಗ ಫೋನ್. ಎಲ್‌ಎಸ್‌ಡಿಯನ್ನು ಚಿತ್ರ ಅಚ್ಚಾದ ಹೀರುಕಾಗದದಲ್ಲಿ ಮಾರುವುದು ನಿಜ. ಆ ನಿಜದ ಮೇಲೆ ಕಥೆ ಬೆಳೆದಿದೆ. ಮಕ್ಕಳಿಗೆ ಇಂಥ ಸ್ಟಿಕರ್ ಹಂಚಿದ ಪ್ರಕರಣ ದೃಢಪಟ್ಟಿಲ್ಲ, ಕಾಗದವನ್ನು ಮುಟ್ಟಿದ ಮಾತ್ರಕ್ಕೆ ಎಲ್‌ಎಸ್‌ಡಿ ಚರ್ಮದ ಮೂಲಕ ಮೈಗೇರುವುದೂ ಇಲ್ಲ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ?

ಮೊದಲನೆಯದು ಗುಂಡಿ ಬ್ಯಾಟರಿ. ಕಾಗದದ ಲಾಟೀನು, ಹೊಳೆಯುವ ಕಣ್ಣಿನ ಕಾರ್ಡ್‌ಗಳಲ್ಲಿ ಇಡುವ ಪುಟ್ಟ ಎಲ್‌ಇಡಿ ದೀಪಗಳಲ್ಲಿ ನಾಣ್ಯದಂತಹ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ತೇವದಲ್ಲಿ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ. 2 ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಸ್ಕ್ರೂ ಹಾಕಿ ಮುಚ್ಚುವ ದೀಪವನ್ನೇ ಕೊಳ್ಳಿ. ನುಂಗಿರಬಹುದು ಎಂಬ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ಲಕ್ಷಣಕ್ಕೆ ಕಾಯಬೇಡಿ. ಎಕ್ಸ್-ರೇ ಇರುವ ಆಸ್ಪತ್ರೆಗೆ ಕೂಡಲೇ ಹೋಗಿ.

ಎರಡನೆಯದು ಹೀಟ್ ಗನ್. ಆರಿಸಿದ ಮೇಲೂ ಅದರ ಮೂತಿ ಕೆಲವು ನಿಮಿಷ ಸುಡುತ್ತಿರುತ್ತದೆ. ಅದನ್ನು ದೊಡ್ಡವರೇ ಹಿಡಿಯಲಿ. ಕರಗಿದ ಪುಡಿ ಬೆರಳಿಗೆ ಅಂಟಿದರೆ ಸುಟ್ಟಗಾಯ ಆಳವಾಗುತ್ತದೆ.

ಮೂರನೆಯದು ಆಲ್ಕೋಹಾಲ್ ಇಂಕ್. ಅದು ಹಸಿಯಾಗಿರುವಾಗ ಹತ್ತಿರ ಹೀಟ್ ಗನ್ ಆಗಲಿ, ದೀಪವಾಗಲಿ ಬೇಡ. ಕಿಟಕಿ ತೆರೆದಿಡಿ. ಕಾಗದದ ಲಾಟೀನಿನೊಳಗೆ ಮೇಣದಬತ್ತಿ ಇಡುವುದಂತೂ ಬೇಡವೇ ಬೇಡ.

ಫಾರ್ವರ್ಡ್ ಮಾಡುವ ಮುನ್ನ

ಈ ಸಂದೇಶಗಳು ನಮ್ಮ ಕಣ್ಣನ್ನು ಇಂಕ್ ಪ್ಯಾಡ್ ಮೇಲೆ ನಿಲ್ಲಿಸುತ್ತವೆ. ಆ ಹೊತ್ತಿಗೆ ಮೇಜಿನ ಅಂಚಿನಲ್ಲಿ ಉರುಳುತ್ತಿರುವ ಬ್ಯಾಟರಿಯನ್ನು ಯಾರೂ ನೋಡಿರುವುದಿಲ್ಲ. ಸುಳ್ಳು ಎಚ್ಚರಿಕೆಯಿಂದ ಆಗುವ ನಷ್ಟ ಇದೇ. ನಿಮ್ಮ ಕುಟುಂಬದ ಗುಂಪಿಗೆ ಒಂದೇ ಸಾಲು ಕಳಿಸುವುದಾದರೆ ಇದನ್ನು ಕಳಿಸಿ: ಮಕ್ಕಳಿಗೆ ಎಪಿ ಮುದ್ರೆಯ ಇಂಕ್ ಕೊಡಿ, ಹೀಟ್ ಗನ್ ನೀವು ಹಿಡಿಯಿರಿ, ಕೆಲಸ ಮುಗಿದ ಮೇಲೆ ಬ್ಯಾಟರಿಗಳನ್ನು ಎಣಿಸಿ ಎತ್ತಿಡಿ.