ಸಾಬೂನಿನ ಗೆರೆ ಸಾಕ್ಷಿ ಹೇಳುತ್ತಿದ್ದ ಕಾಲ

ಬಿಳಿ ಪಂಚೆಯ ಮೇಲೆ ಬಿದ್ದ ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಅದು ಥಟ್ಟನೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವಾಗ ಆಗುವುದೂ ಇದೇ. ಎರಡೂ ಕಡೆ ಕೆಲಸ ಮಾಡುವುದು ಕ್ಷಾರ. ಎಣ್ಣೆ ಮತ್ತು ಕ್ಷಾರ ಕೂಡಿದರೆ ಸಾಬೂನು.

ಈಗ ಮನೆಯಲ್ಲೇ ಸಾಬೂನು ಮಾಡುವ ಹವ್ಯಾಸಿಗಳು ಹಲವರಿದ್ದಾರೆ. ಎಣ್ಣೆಗೆ ಕಾಸ್ಟಿಕ್ ಸೋಡಾದ ದ್ರಾವಣ ಬೆರೆಸಿ, ಕುದಿಸದೆ ಕಡೆಯುವ ಈ ಕ್ರಮಕ್ಕೆ ‘ತಣ್ಣನೆಯ ವಿಧಾನ’ ಎಂದು ಹೆಸರು. ಮಿಶ್ರಣ ದೋಸೆಹಿಟ್ಟಿನ ಹದಕ್ಕೆ ಬಂದಾಗ ಸುಗಂಧ ತೈಲ ಹಾಕಿ, ಒಂದು ಪಾಲಿಗೆ ಬಣ್ಣ ಕಲಸಿ, ಅಚ್ಚಿಗೆ ಸುರಿದು ಕಡ್ಡಿಯಿಂದ ಎಳೆದರೆ ಚೆಂದದ ಸುಳಿಗಳು ಮೂಡುತ್ತವೆ. ಇಂದು ಕೇವಲ ಅಲಂಕಾರವಾಗಿರುವ ಸಾಬೂನಿನ ಬಣ್ಣದ ಗೆರೆ ಒಂದು ಕಾಲಕ್ಕೆ ಪ್ರಾಮಾಣಿಕತೆಯ ಮುದ್ರೆಯಾಗಿತ್ತು ಎಂಬುದು ಸೋಜಿಗದ ಸಂಗತಿ.

ಆ ಕಥೆ ಫ್ರಾನ್ಸಿನ ಬಂದರು ಮಾರ್ಸೇಲ್ಸ್‌ನದು. ಅಲ್ಲಿ ಸಾಬೂನಿಗೆ ಆಲಿವ್ ಎಣ್ಣೆಯನ್ನು ಮಾತ್ರ ಬಳಸಬೇಕೆಂದು 1688ರಲ್ಲಿ ಹದಿನಾಲ್ಕನೆಯ ಲೂಯಿಯ ಆಡಳಿತ ಕಟ್ಟಳೆ ಮಾಡಿತು. ಕ್ಷಾರ ದೊರೆಯುತ್ತಿದ್ದುದು ಕಡಲತೀರದ ಗಿಡಗಳನ್ನು ಸುಟ್ಟ ಬೂದಿಯಿಂದ. ಎರಡನ್ನೂ ದೊಡ್ಡ ಹಂಡೆಗಳಲ್ಲಿ ಕುದಿಸುತ್ತಿದ್ದರು. ಬೂದಿಯಲ್ಲಿದ್ದ ಕಬ್ಬಿಣ ಮತ್ತು ಗಂಧಕದ ಅಂಶಗಳು ಸಾಬೂನು ನಿಧಾನವಾಗಿ ಆರುವಾಗ ಬೇರ್ಪಟ್ಟು, ಅಮೃತಶಿಲೆಯಲ್ಲಿರುವಂತೆ ನೀಲಿಗಪ್ಪು ಗೆರೆಗಳಾಗಿ ಹರಡಿಕೊಳ್ಳುತ್ತಿದ್ದವು.

ಕೊಳ್ಳುವವರಿಗೆ ಈ ಕೊಳೆಯೇ ಬೇಕಾಗಿತ್ತು! ಕಾರಣವಿಷ್ಟೆ. ಸಾಬೂನು ತೂಕದ ಲೆಕ್ಕದಲ್ಲಿ ಮಾರಾಟವಾಗುವ ಸರಕು. ಹಾಲಿಗೆ ಬೆರೆಸುವಂತೆ ಸಾಬೂನಿಗೂ ನೀರು ಬೆರೆಸಿ ತೂಕ ಹೆಚ್ಚಿಸಬಹುದು. ಆದರೆ ನೀರು ಹೆಚ್ಚಾದರೆ ಮಿಶ್ರಣ ತೆಳುವಾಗಿ, ಬಣ್ಣದ ಕಣಗಳು ಗೆರೆಯಾಗಿ ನಿಲ್ಲದೆ ತಳ ಸೇರುತ್ತವೆ. ಗೆರೆ ಇದೆ ಎಂದರೆ ನೀರಿನ ಮೋಸ ಇಲ್ಲ ಎಂದೇ ಅರ್ಥ. ಬಿಳಿ ಸಾಬೂನಿಗೆ ಇಂಥ ಸಾಕ್ಷಿ ಇರಲಿಲ್ಲ.

1791ರಲ್ಲಿ ನಿಕೊಲಾ ಲೆಬ್ಲಾಂಕ್ ಎಂಬ ಫ್ರೆಂಚ್ ವೈದ್ಯ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕ್ರಾಂತಿಯ ಗದ್ದಲದಲ್ಲಿ ಅವನ ಕಾರ್ಖಾನೆ ಸರ್ಕಾರದ ವಶವಾಯಿತು. ಬಡತನದಲ್ಲಿ ಬೆಂದ ಆತ 1806ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ಸೋಡಾ ಮಾತ್ರ ಯುರೋಪನ್ನು ಗೆದ್ದಿತು. ಸೋಡಾದಲ್ಲಿ ಕಬ್ಬಿಣದ ಅಂಶ ಸಾಲದಾದಾಗ ತಯಾರಕರು ಗೆರೆಗಾಗಿ ಅನ್ನಭೇದಿಯನ್ನು ತಾವೇ ಬೆರೆಸತೊಡಗಿದರು. ಸಾಕ್ಷಿ ಉಳಿಯಲೆಂದು ಕೊಳೆಯನ್ನೇ ಕೈಯಾರೆ ಹಾಕಬೇಕಾಯಿತು.

ಈ ಸಾಕ್ಷಿಯನ್ನು ಕೆಡಿಸುವಲ್ಲಿ ನಮ್ಮ ತೆಂಗಿನ ಎಣ್ಣೆಯ ಪಾತ್ರವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯುರೋಪಿನ ಸಾಬೂನು ಕಾರ್ಖಾನೆಗಳನ್ನು ಸೇರಿತು. ಹೆಚ್ಚು ನೀರು ಹೀರಿಕೊಂಡೂ ಗಟ್ಟಿಯಾಗಿ ಕಾಣುವುದು ತೆಂಗಿನೆಣ್ಣೆ ಸಾಬೂನಿನ ಗುಣ. ಅದಕ್ಕೆ ಸಿಲಿಕೇಟ್ ಸೇರಿಸಿ, ಬಟ್ಟೆಗೆ ಹಾಕುವ ನೀಲಿಯಿಂದ ಗೆರೆ ಎಳೆದರೆ ನೀರು ತುಂಬಿದ ಸಾಬೂನೂ ಸಾಚಾ ಎನಿಸುತ್ತಿತ್ತು. ಗೆರೆ ಉಳಿಯಿತು, ಅದರ ಅರ್ಥ ಅಳಿಯಿತು.

ನಮ್ಮಲ್ಲಿ ಇಂಥ ಸಾಕ್ಷಿಯ ಕೆಲಸ ಮಾಡಿದ್ದು ಕಂಪು. 1914ರ ಮಹಾಯುದ್ಧದಿಂದಾಗಿ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತಾಗ, ಸಂಸ್ಥಾನವೇ 1916ರಲ್ಲಿ ಗಂಧದೆಣ್ಣೆ ತೆಗೆಯಲು ಮುಂದಾಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ತಯಾರಿಕೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನಿಗೆ ಹೆಸರು ತಂದದ್ದು ಅದರ ನಿಜವಾದ ಗಂಧದೆಣ್ಣೆ. ನಿಂಬೆ, ಕಿತ್ತಳೆಗಳ ಪರಿಮಳ ಸಾಬೂನಿನಲ್ಲಿ ಬೇಗ ಮಾಸುತ್ತದೆ. ಗಂಧದ್ದು ಬಹುಕಾಲ ನಿಲ್ಲುತ್ತದೆ.

ಹಾಗಾದರೆ ಮನೆಯ ಸಾಬೂನಿಗೆ ಸಾಕ್ಷಿ ಯಾವುದು? ತಕ್ಕಡಿ. ಎಣ್ಣೆಯೆಂದರೆ ಕೊಬ್ಬಿನ ಆಮ್ಲಗಳು ಮತ್ತು ಗ್ಲಿಸರಿನ್ ಕೂಡಿದ ವಸ್ತು ಎಂದು ಫ್ರಾನ್ಸಿನ ಶೆವ್ರುಲ್ 1823ರ ತನ್ನ ಗ್ರಂಥದಲ್ಲಿ ವಿವರಿಸಿದ. ಯಾವ ಎಣ್ಣೆಗೆ ಎಷ್ಟು ಕ್ಷಾರ ಎಂದು ಲೆಕ್ಕ ಹಾಕಲು ದಾರಿಯಾಯಿತು. 100 ಗ್ರಾಂ ಆಲಿವ್ ಎಣ್ಣೆಗೆ ಸುಮಾರು 13.5 ಗ್ರಾಂ ಕಾಸ್ಟಿಕ್ ಸೋಡಾ ಸಾಕು. ತೆಂಗಿನೆಣ್ಣೆಗೆ 18 ಗ್ರಾಂಗೂ ಮಿಗಿಲು ಬೇಕು. ಹೆಚ್ಚಾದರೆ ಚರ್ಮ ಸುಡುತ್ತದೆ. ಆದ್ದರಿಂದ ಬಲ್ಲವರು ಲೆಕ್ಕಕ್ಕಿಂತ ತುಸು ಕಡಿಮೆಯನ್ನೇ ಹಾಕುತ್ತಾರೆ. ಕೈಗವಸು, ಕನ್ನಡಕ ಧರಿಸಿ ನೀರಿಗೆ ಸೋಡಾ ಹಾಕುತ್ತಾರೆಯೇ ಹೊರತು ಸೋಡಾಕ್ಕೆ ನೀರು ಸುರಿಯುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿಂದುಬಿಡುವುದರಿಂದ ಅದನ್ನು ಮುಟ್ಟುವುದಿಲ್ಲ. ಅಚ್ಚಿನಿಂದ ತೆಗೆದ ಬಿಲ್ಲೆಗಳನ್ನು ನಾಲ್ಕಾರು ವಾರ ಒಣಗಲು ಬಿಡುತ್ತಾರೆ.

ಮಾರ್ಸೇಲ್ಸ್‌ನ ಗೆರೆ ತಾನಾಗಿ ಮೂಡುತ್ತಿತ್ತು, ಆದ್ದರಿಂದ ಅದನ್ನು ನಂಬಬಹುದಿತ್ತು. ಇಂದಿನ ಸುಳಿ ನಾವೇ ಬರೆದದ್ದು. ಅದು ನೋಡಲು ಸೊಗಸು, ಆದರೆ ಒಳಗಿನ ಕ್ಷಾರ ಹೆಚ್ಚೋ ಕಡಿಮೆಯೋ ಎಂಬ ಸುಳಿವನ್ನು ಅದು ಕೊಡಲಾರದು. ಅದನ್ನು ಹೇಳಬೇಕಾದವರು ತೂಗಿ ಬೆರೆಸಿದವರೇ.