ಜೀಪಿನ ಎರಡು ಕಣ್ಣು

ಸಕಲೇಶಪುರದ ಕಡೆ ನನ್ನ ಗೆಳೆಯರೊಬ್ಬರ ಕಾಫಿ ತೋಟದಲ್ಲಿ ಹಳೆಯ ಜೀಪೊಂದಿದೆ. ಅವರ ತಂದೆಯ ಕಾಲದ್ದು. ಬಾಗಿಲಿಲ್ಲ, ಮೇಲೆ ಹೊದಿಸಿದ ಕ್ಯಾನ್ವಾಸಿನಲ್ಲಿ ಮೂಲ ಬಟ್ಟೆಗಿಂತ ತೇಪೆಯೇ ಹೆಚ್ಚು. ಆದರೂ ಮಳೆಗಾಲದ ಕೆಸರಿನಲ್ಲಿ ಹೊಸ ಗಾಡಿಗಳು ಹೂತು ಕುಳಿತಾಗ ಹಗ್ಗ ಕಟ್ಟಿ ಎಳೆಯಲು ಊರವರು ಕರೆಯುವುದು ಈ ಮುದುಕನನ್ನೇ. ಹೋದ ಮಳೆಗಾಲಕ್ಕೆ ಮುಂಚೆ ಗೆಳೆಯರು ಇದಕ್ಕೆ ಹೊಸ ಕಣ್ಣು ಹಾಕಿಸಿದರು. ಮಂಕು ಹಳದಿ ಬೆಳಕಿನ ಹೆಡ್‌ಲೈಟುಗಳನ್ನು ತೆಗೆಸಿ, ಬೆಳ್ಳಗೆ ಉರಿಯುವ ಎಲ್‌ಇಡಿ ದೀಪಗಳನ್ನು ಕೂರಿಸಿದರು. ಮೊದಲನೆಯ ರಾತ್ರಿಯೇ ತಿರುವೊಂದರಲ್ಲಿ ಎದುರಾದ ಹಾಲಿನ ವ್ಯಾನಿನ ಚಾಲಕ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದು ಬಂದು, "ಏನ್ ಸಾರ್, ನಮ್ಮನ್ನ ಚರಂಡಿಗೆ ಇಳಿಸ್ಬೇಕು ಅಂತಿದ್ದೀರಾ?" ಎಂದು ಕೇಳಿದನಂತೆ. ಈ ಪ್ರಸಂಗವನ್ನು ಗೆಳೆಯರು ನಗುತ್ತಲೇ ಹೇಳಿದರು. ಆದರೆ ಆ ಮಾತು ಅವರಿಗೆ ನಾಟಿತ್ತೆಂಬುದು ಮುಖದಲ್ಲೇ ಕಾಣುತ್ತಿತ್ತು.

ಆ ಚಾಲಕ ಕೇಳಿದ್ದು ಹೊಸ ಪ್ರಶ್ನೆಯೇನಲ್ಲ. ಮೋಟಾರಿಗೆ ದೀಪ ಬಂದ ದಿನದಿಂದ ಅದು ಕೇಳಿಬರುತ್ತಲೇ ಇದೆ. ನನಗೆ ದಾರಿ ಕಾಣಬೇಕು. ಅದರಿಂದ ಎದುರಿನವನ ಕಣ್ಣು ಕುರುಡಾಗಬಾರದು. ಈ ಎರಡನ್ನೂ ಒಂದೇ ದೀಪ ಸಾಧಿಸುವುದು ಹೇಗೆ? ನೂರಿಪ್ಪತ್ತು ವರ್ಷಗಳ ಹೆಡ್‌ಲೈಟಿನ ಚರಿತ್ರೆಯೆಲ್ಲ ಈ ಒಂದು ಗಂಟನ್ನು ಬಿಡಿಸುವ ಪ್ರಯತ್ನವೆಂದರೂ ತಪ್ಪಾಗದು.

ಎತ್ತಿನ ಗಾಡಿಯ ಕಾಲದಲ್ಲಿ ಈ ತೊಡಕೇ ಇರಲಿಲ್ಲ. ಗಾಡಿಯ ಅಚ್ಚಿನ ಕೆಳಗೆ ಒಂದು ಲಾಟೀನು ತೂಗಾಡುತ್ತಿತ್ತು. ಅದು ದಾರಿ ತೋರಿಸಲು ಇದ್ದದ್ದಲ್ಲ; ದಾರಿ ಎತ್ತುಗಳಿಗೆ ಗೊತ್ತಿತ್ತು. "ಇಲ್ಲೊಂದು ಗಾಡಿ ಬರುತ್ತಿದೆ" ಎಂದು ಇತರರಿಗೆ ತಿಳಿಸುವುದಷ್ಟೇ ಅದರ ಕೆಲಸ. ಯುರೋಪಿನ ಕುದುರೆಗಾಡಿಗಳ ಎಣ್ಣೆದೀಪ, ಮೇಣದಬತ್ತಿಯ ದೀಪಗಳದೂ ಹೆಚ್ಚುಕಡಿಮೆ ಇದೇ ಕಥೆ. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಎಂಬ ಜರ್ಮನ್ ಗೃಹಿಣಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಆತ ನಿರ್ಮಿಸಿದ ಮೋಟಾರುಗಾಡಿಯಲ್ಲಿ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಾಗ ಆ ಗಾಡಿಗೆ ದೀಪವೇ ಇರಲಿಲ್ಲ. ಬೆಳಗಿನ ಜಾವ ಹೊರಟವಳು ಮುಸ್ಸಂಜೆಯ ಹೊತ್ತಿಗೆ ಊರು ಸೇರಿದಳು. ಇನ್ನೊಂದಷ್ಟು ತಡವಾಗಿದ್ದರೆ ಗತಿ ಏನಾಗುತ್ತಿತ್ತೋ!

ಮೋಟಾರಿನ ವೇಗ ಹೆಚ್ಚಿದಂತೆ ಎಣ್ಣೆದೀಪ ಸೋತಿತು. ಆಗ ಬಂದದ್ದು ಅಸಿಟಿಲೀನ್ ಅನಿಲದ ದೀಪ. ಮಾವಿನಕಾಯಿಯನ್ನು ರಾತ್ರೋರಾತ್ರಿ ಹಣ್ಣುಮಾಡಲು ಕೆಲವು ವ್ಯಾಪಾರಿಗಳು ಕದ್ದುಮುಚ್ಚಿ ಬಳಸುವ ಕಾರ್ಬೈಡ್ ಕಲ್ಲುಗಳನ್ನು ವಾಚಕರು ಬಲ್ಲರಷ್ಟೆ. ದೀಪದ ಕೆಳಗಿನ ಡಬ್ಬಿಯಲ್ಲಿ ಆ ಕಲ್ಲು, ಮೇಲಿನ ಡಬ್ಬಿಯಲ್ಲಿ ನೀರು. ನೀರು ತೊಟ್ಟುತೊಟ್ಟಾಗಿ ಕಲ್ಲಿನ ಮೇಲೆ ಬಿದ್ದರೆ ಅನಿಲ ಹುಟ್ಟುತ್ತದೆ; ಅದಕ್ಕೆ ಬೆಂಕಿಕಡ್ಡಿ ಗೀರಿದರೆ ಕಣ್ಣು ಕೋರೈಸುವ ಬಿಳಿಯ ಜ್ವಾಲೆ. ಗಾಳಿಗೂ ಮಳೆಗೂ ಅದು ಸುಲಭವಾಗಿ ಆರುತ್ತಿರಲಿಲ್ಲ. ಫ್ರಾನ್ಸಿನ ಯುವ ಎಂಜಿನಿಯರ್ ಲೂಯಿ ಬ್ಲೇರಿಯೋ ಇಂಥ ದೀಪಗಳನ್ನು ಮಾಡಿ ಮಾರಿ ಚೆನ್ನಾಗಿ ಹಣ ಗಳಿಸಿದ. ಗಳಿಸಿದ್ದನ್ನೆಲ್ಲ ವಿಮಾನ ಕಟ್ಟುವ ಹುಚ್ಚಿಗೆ ಸುರಿದ. 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆಯನ್ನು ವಿಮಾನದಲ್ಲಿ ಮೊತ್ತಮೊದಲು ದಾಟಿದವನು ಈತನೇ. ಮೋಟಾರಿನ ದೀಪ ಮನುಷ್ಯನನ್ನು ಕಡಲು ಹಾರಿಸಿತೆಂದು ಹೇಳಬಹುದು.

ಆದರೆ ಈ ಅನಿಲದೀಪದ ಉಸಾಬರಿ ಸಾಮಾನ್ಯವಾಗಿರಲಿಲ್ಲ. ಕಲ್ಲು ತುಂಬಬೇಕು, ಬೂದಿ ತೆಗೆಯಬೇಕು, ಕತ್ತಲಾದಾಗ ಇಳಿದು ಹೋಗಿ ಕಡ್ಡಿ ಗೀರಬೇಕು. ವಿದ್ಯುತ್ತು ಬಂದಿತ್ತಾದರೂ ಅದು ಊರುಗಳಿಗೆ ಬಂದಿತ್ತೇ ವಿನಾ ಗಾಡಿಗಳಿಗೆ ಬಂದಿರಲಿಲ್ಲ. ನಮ್ಮ ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತ್ತು. ಅದೇ ಬೀದಿಯಲ್ಲಿ ಓಡಾಡುತ್ತಿದ್ದ ಮೋಟಾರುಗಳಿಗೆ ಮಾತ್ರ ಇನ್ನೂ ಬೆಂಕಿಕಡ್ಡಿಯ ದೀಪ. ಗಾಡಿಯ ಕುಲುಕಾಟಕ್ಕೆ ಬಲ್ಬಿನ ಎಳೆ ತಡೆಯದು, ಬೇಕಾದಷ್ಟು ವಿದ್ಯುತ್ತನ್ನು ಗಾಡಿಯಲ್ಲೇ ಹುಟ್ಟಿಸುವ ಅಡಕವಾದ ಯಂತ್ರವಿಲ್ಲ. ಇವು ಅಂದಿನ ಅಡ್ಡಿಗಳು. ಟಂಗ್‌ಸ್ಟನ್ ಎಳೆ ಮೊದಲನೆಯದನ್ನು ನಿವಾರಿಸಿತು. ಎರಡನೆಯದನ್ನು ನಿವಾರಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನ ಏರ್ಪಾಟಿನಿಂದ 1912ರ ಕ್ಯಾಡಿಲಾಕ್ ಮೋಟಾರಿನಲ್ಲಿ ಎಂಜಿನ್ನನ್ನು ಚಾಲೂ ಮಾಡುವುದೂ ದೀಪ ಹಚ್ಚುವುದೂ ವಿದ್ಯುತ್ತಿನ ಕೆಲಸವಾದವು. ಬಡವರ ಮೋಟಾರೆನಿಸಿದ ಫೋರ್ಡ್ ಮಾಡೆಲ್ ಟಿ ಗಾಡಿಗೆ 1915ರಲ್ಲಿ ವಿದ್ಯುದ್ದೀಪ ಬಂತು. ಆದರೆ ಅಲ್ಲಿ ಬೆಳಕು ಎಂಜಿನ್ನಿನ ಓಟವನ್ನು ನೆಚ್ಚಿಕೊಂಡಿತ್ತು. ವೇಗವಾಗಿ ಹೋದರೆ ಪ್ರಕಾಶ, ನಿಧಾನವಾಗಿ ಹೋದರೆ ಮಿಣುಕು. ಕತ್ತಲಲ್ಲಿ ಹೆದರಿ ನಿಧಾನಿಸಿದವನಿಗೆ ದಾರಿಯೇ ಕಾಣದ ಚೋದ್ಯ!

ಬೆಳಕು ಹೆಚ್ಚಿದ ಕೂಡಲೇ ಎದುರಿನವನ ಗೋಳು ಆರಂಭವಾಯಿತು. 1917ರಲ್ಲಿ ಕ್ಯಾಡಿಲಾಕಿನವರು ದೀಪದ ಕನ್ನಡಿಯನ್ನು ಕುಳಿತಲ್ಲಿಂದಲೇ ಕೆಳಕ್ಕೆ ಬಾಗಿಸುವ ಸನ್ನೆಯೊಂದನ್ನು ಇಟ್ಟರು. 1924ರಲ್ಲಿ ಒಂದೇ ಬಲ್ಬಿನೊಳಗೆ ಎರಡು ಎಳೆಗಳು ಬಂದವು: ದೂರಕ್ಕೊಂದು, ಹತ್ತಿರಕ್ಕೊಂದು. 1927ರ ಸುಮಾರಿಗೆ ಎಡಗಾಲಿನಿಂದ ಒತ್ತಿ ಇವನ್ನು ಬದಲಿಸುವ ಗುಂಡಿ ಬಂತು. ಹಳೆಯ ಜೀಪು ನಡೆಸಿದವರಿಗೆ ಕ್ಲಚ್ಚಿನ ಪಕ್ಕದ ಆ ಗುಂಡಿ ಚೆನ್ನಾಗಿ ಗೊತ್ತು. ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ 1936ರ ಕಾನೂನು ಮೋಟಾರುಗಳಿಗೆಲ್ಲ ಹಳದಿ ಬೆಳಕನ್ನು ಕಡ್ಡಾಯ ಮಾಡಿತು. 1993ರವರೆಗೂ ಅದು ನಡೆಯಿತು. ನಮ್ಮಲ್ಲಿ ಯಾವ ಎಂಜಿನಿಯರನ ನೆರವೂ ಇಲ್ಲದೆ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುವ ಪದ್ಧತಿ ಬಹುಕಾಲ ಇತ್ತು. ಲಾರಿಗಳ ಆ ಅರೆಮುಚ್ಚಿದ ಕಣ್ಣುಗಳನ್ನು ನಡುವಯಸ್ಸು ದಾಟಿದವರು ಮರೆತಿರಲಾರರು.

1940ರಲ್ಲಿ ಅಮೆರಿಕ ಒಂದು ದೊಡ್ಡ ನಿರ್ಧಾರ ಮಾಡಿತು. ಎಳೆ, ಕನ್ನಡಿ, ಮುಂದಿನ ಗಾಜು ಮೂರನ್ನೂ ಬೆಸೆದು ಒಂದೇ ಗಾಜಿನ ಬುರುಡೆ ಮಾಡುವುದು. ಏಳು ಇಂಚು ಅಗಲದ ಅದೇ ದುಂಡು ದೀಪವನ್ನು ಎಲ್ಲ ಕಾರುಗಳಿಗೂ ಹಾಕುವುದು. ಇದೇ ಸೀಲ್ಡ್ ಬೀಮ್. ಒಳಗೆ ಧೂಳು ಹೋಗದು, ಕನ್ನಡಿ ಮಾಸದು. ಕೆಟ್ಟರೆ ಇಡೀ ದೀಪವನ್ನೇ ಎಸೆದು ಬೇರೆ ಹಾಕುವುದು. 1983ರವರೆಗೂ ಅಮೆರಿಕ ಈ ಹಟವನ್ನು ಬಿಡಲಿಲ್ಲ.

ಇದೇ ಕಾಲದಲ್ಲಿ ಹುಟ್ಟಿದ್ದು ಜೀಪು. 1941ರ ವಿಲ್ಲೀಸ್ ಜೀಪು ಯುದ್ಧದ ಕೂಸು. ದೀಪ ಹೊತ್ತಿದರೆ ಶತ್ರುವಿಗೆ ಗುರಿಯಾಗುವ ಭಯ ಅದಕ್ಕೆ. ಆದ್ದರಿಂದ ಹೆಡ್‌ಲೈಟುಗಳನ್ನು ಮುಂದಿನ ಜಾಲರಿಯ ಒಳಗೆ ಹುದುಗಿಸಿ, ಪಕ್ಕದಲ್ಲಿ ಮಿಣುಕುವ ಪುಟ್ಟ ದೀಪಗಳನ್ನು ಇಟ್ಟಿದ್ದರು. ಇನ್ನೊಂದು ಜಾಣತನವೂ ಇತ್ತು: ಹೆಡ್‌ಲೈಟುಗಳನ್ನು ಕೀಲಿನ ಮೇಲೆ ಹಿಂದಕ್ಕೆ ತಿರುಗಿಸಿದರೆ ಎಂಜಿನ್ನಿನ ಮೇಲೆ ಬೆಳಕು ಬೀಳುತ್ತಿತ್ತು, ಕತ್ತಲಲ್ಲಿ ರಿಪೇರಿ ಮಾಡುವವನಿಗೆ ಲಾಟೀನು ಹಿಡಿಯುವ ಜೊತೆಗಾರ ಬೇಕಿರಲಿಲ್ಲ. ಯುದ್ಧ ಮುಗಿದು 1945ರಲ್ಲಿ ನಾಗರಿಕರ ಜೀಪು ಬಂದಾಗ ಏಳು ಇಂಚಿನ ದೊಡ್ಡ ದೀಪಗಳು ಧೈರ್ಯವಾಗಿ ಮುಂದೆ ಬಂದು ಕುಳಿತವು. ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಅಂದಿನಿಂದ ಆ ದುಂಡು ಕಣ್ಣಿನ ಗಾಡಿ ನಮ್ಮ ತೋಟ, ಕಾಡು, ಘಟ್ಟಗಳಿಗೆಲ್ಲ ಪರಿಚಿತವಾಯಿತು.

ಕಣ್ಣು ದೊಡ್ಡದಾದರೂ ದೃಷ್ಟಿ ಮಂದವೇ. ಮೊದಲಿನ ಜೀಪುಗಳದು 6 ವೋಲ್ಟ್ ವಿದ್ಯುತ್ತು. ಎಂಜಿನ್ ನಿಧಾನವಾದರೆ ಡೈನಮೋ ಸೊರಗುತ್ತಿತ್ತು. 12 ವೋಲ್ಟಿಗೆ ಬದಲಾದ ಮೇಲೂ ತೊಂದರೆ ಪೂರ್ತಿ ಹೋಗಲಿಲ್ಲ. ಸ್ವಿಚ್ಚು ತುಕ್ಕು ಹಿಡಿದು ತಂತಿ ಸವೆದರೆ ಬ್ಯಾಟರಿಯ ಬಲ ದೀಪಕ್ಕೆ ಮುಟ್ಟುವಷ್ಟರಲ್ಲಿ ಸೋರಿಹೋಗುತ್ತದೆ. ಎಳೆ ಉರಿಯುವ ದೀಪದ ಸ್ವಭಾವ ವಿಚಿತ್ರವಾದದ್ದು. ವೋಲ್ಟು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಕಡಿಮೆಯಾಗುತ್ತದೆ. "ಹಳೇ ಜೀಪಿನ ಲೈಟಿಗಿಂತ ಬೆಳದಿಂಗಳೇ ವಾಸಿ" ಎನ್ನುವವರಲ್ಲಿ ಎಷ್ಟೋ ಮಂದಿ ದೀಪವನ್ನು ಬೈದು ತಂತಿಯನ್ನು ಬಿಟ್ಟಿರುತ್ತಾರೆ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ನಡುವೆ ರಿಲೇ ಇಟ್ಟರೆ ಹಳೆಯ ದೀಪವೇ ಹೊಸದಾದಂತೆ ಬೆಳಗುವುದುಂಟು.

ನಡುವೆ ಹ್ಯಾಲೊಜೆನ್ ಬಂತು. ಸಾಮಾನ್ಯ ಬಲ್ಬಿನಲ್ಲಿ ಕಾದ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿ ಕಪ್ಪಾಗಿಸುತ್ತದೆ. ಬಲ್ಬಿನೊಳಗೆ ತುಸು ಅಯೊಡಿನ್ ಅಥವಾ ಬ್ರೋಮಿನ್ ಇದ್ದರೆ ಅದು ಆ ಆವಿಯನ್ನು ಹಿಡಿದು ಮತ್ತೆ ಎಳೆಯ ಮೇಲೆಯೇ ತಂದು ಕೂರಿಸುತ್ತದೆ. 1962ರಲ್ಲಿ ಯುರೋಪಿನ ಮೋಟಾರುಗಳಿಗೆ ಇದು ಬಂತು. 1971ರಲ್ಲಿ ಎರಡು ಎಳೆಗಳ ಎಚ್4 ಬಲ್ಬು ಬಂತು. ಅದರ ಕೆಳಬೆಳಕಿನ ಎಳೆಯ ಅಡಿಯಲ್ಲಿ ಪುಟ್ಟ ಲೋಹದ ಬಟ್ಟಲೊಂದಿದೆ. ಮೇಲಕ್ಕೆ ಚಿಮ್ಮಬಹುದಾದ ಬೆಳಕನ್ನು ಅದು ತಡೆಹಿಡಿಯುತ್ತದೆ. ಎದುರಿನವನ ಕಣ್ಣನ್ನು ಕಾಯುವುದು ಆ ಬಟ್ಟಲೇ.

ಎಲ್‌ಇಡಿಯ ಕಥೆಯಾದರೋ ತಪಸ್ಸಿನ ಕಥೆ. ಕಾರ್ಬೊರಂಡಮ್ ಹರಳಿಗೆ ವಿದ್ಯುತ್ತು ಹಾಯಿಸಿದಾಗ ಅದು ಮಿನುಗಿದ್ದನ್ನು ಹೆನ್ರಿ ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1907ರಲ್ಲೇ ಬರೆದಿದ್ದ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕಿನ ಎಲ್‌ಇಡಿ ಮಾಡಿದ. ಆದರೆ ಬಿಳಿ ಬೆಳಕಿಗೆ ನೀಲಿ ಬೇಕು. ನೀಲಿ ಕೈಗೆ ಸಿಗಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಜಪಾನಿನ ಅಕಸಾಕಿ, ಅಮಾನೊ, ನಾಕಾಮುರಾ ಈ ಮೂವರ ದುಡಿಮೆಯಿಂದ 1990ರ ದಶಕದ ಆರಂಭದಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧವಾಯಿತು. ಅದರ ಮೇಲೆ ಹಳದಿ ಹೊಳೆಯುವ ಲೇಪ ಹಚ್ಚಿದರೆ ನೀಲಿ ಹಳದಿ ಬೆರೆತು ಬಿಳಿ ಕಾಣುತ್ತದೆ. 2014ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. 2007ರಲ್ಲಿ ಲೆಕ್ಸಸ್ ಕಾರೊಂದರ ಹೆಡ್‌ಲೈಟಿನಲ್ಲಿ ಕಾಣಿಸಿಕೊಂಡ ಈ ಬೆಳಕು ಇಂದು ತೋಟದ ಜೀಪಿಗೂ ಇಳಿದುಬಂದಿದೆ. ಇಳಿದುಬರಲು ಅನುಕೂಲವಾದದ್ದು ಆ ಏಳು ಇಂಚಿನ ಹಳೆಯ ಅಳತೆಯೇ. 1940ರ ಗಾಜಿನ ಬುರುಡೆ ಬಿಟ್ಟುಹೋದ ದುಂಡು ಗೂಡಿನಲ್ಲಿ ಹೊಸ ದೀಪ ಸಲೀಸಾಗಿ ಕುಳಿತುಕೊಳ್ಳುತ್ತದೆ.

ಲಾಭವಿಲ್ಲದಿಲ್ಲ. ಎರಡು ಹ್ಯಾಲೊಜೆನ್ ಕೆಳಬೆಳಕಿಗೆ 110 ವ್ಯಾಟ್ ಬೇಕಾದರೆ ಎಲ್‌ಇಡಿ ಜೋಡಿಗೆ ಅದರ ಅರ್ಧದಷ್ಟು ಸಾಕು. ಮುದಿ ಡೈನಮೋಗೂ ಸವೆದ ತಂತಿಗೂ ಅಷ್ಟು ಹೊರೆ ಇಳಿದಂತೆ. ಕುಲುಕಾಟಕ್ಕೆ ತುಂಡಾಗುವ ಎಳೆ ಇದರಲ್ಲಿಲ್ಲ. ಆದರೆ 6 ವೋಲ್ಟಿನ ಜೀಪಿಗೆ 12 ವೋಲ್ಟಿನ ದೀಪ ಆಗದು. ಧನ, ಋಣ ತಂತಿಗಳು ಅದಲುಬದಲಾದರೆ ಹಳೆಯ ಬಲ್ಬಿಗೆ ಏನೂ ಆಗುತ್ತಿರಲಿಲ್ಲ. ಎಲ್‌ಇಡಿ ಹೊತ್ತುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾದ ಅಪಾಯ ಬೇರೊಂದಿದೆ. ಹ್ಯಾಲೊಜೆನ್‌ಗಾಗಿ ಮಾಡಿದ ಕನ್ನಡಿಗೆ ಬರಿಯ ಎಲ್‌ಇಡಿ ಬಲ್ಬನ್ನು ಸಿಕ್ಕಿಸಿದರೆ, ಬೆಳಕು ಹುಟ್ಟುವ ಜಾಗವೂ ಆಕಾರವೂ ಬದಲಾಗಿ ಕಿರಣಗಳು ದಿಕ್ಕಾಪಾಲಾಗಿ ಚದುರುತ್ತವೆ. ಕುಳಿತವನಿಗೆ ಭಾರಿ ಬೆಳಕೆನ್ನಿಸುತ್ತದೆ; ಆ ಬೆಳಕಿನಲ್ಲಿ ಬಹುಪಾಲು ರಸ್ತೆಗೆ ಬೀಳದೆ ಎದುರಿನವನ ಮುಖಕ್ಕೆ ಬಿದ್ದಿರುತ್ತದೆ.

ನನ್ನ ಗೆಳೆಯರು ಈ ತಪ್ಪು ಮಾಡಿರಲಿಲ್ಲ. ಇಡೀ ದೀಪವನ್ನೇ ಬದಲಿಸಿದ್ದರು. ಹಾಗಾದರೆ ಕೆಟ್ಟದ್ದೆಲ್ಲಿ? ಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರು ಜೀಪನ್ನು ಸಮನೆಲದಲ್ಲಿ ಗೋಡೆಗೆ ಎದುರಾಗಿ ಹತ್ತು ಮೀಟರು ದೂರ ನಿಲ್ಲಿಸಿ ದೀಪ ಹೊತ್ತಿಸಿದರು. ಗೋಡೆಯ ಮೇಲೆ ಬೆಳಕಿನ ಅಂಚು ಎಡಗಡೆ ನೆಟ್ಟಗಿದ್ದು, ಬಲಗಡೆ ಮೇಲಕ್ಕೆ ಏರಿತ್ತು. "ಇದು ಬಲಗಡೆ ಓಡಿಸೋ ದೇಶದ ದೀಪ, ಸಾರ್" ಎಂದರು. 1957ರಿಂದ ಯುರೋಪಿನಲ್ಲಿ ಬಳಕೆಗೆ ಬಂದ ಓರೆ ಅಂಚಿನ ಬೆಳಕಿನ ಮರ್ಮವೇ ಇದು: ತನ್ನ ಕಡೆಯ ರಸ್ತೆಯಂಚನ್ನು ತುಸು ಹೆಚ್ಚು ದೂರ ತೋರಿಸಿ, ಎದುರಿನವನ ಕಡೆ ತಗ್ಗಿ ನಡೆಯುವುದು. ಎಡಗಡೆ ಓಡಿಸುವ ನಮ್ಮ ನಾಡಿನಲ್ಲಿ ಆ ದೀಪ ತಲೆಯೆತ್ತುವುದು ಎದುರಿನ ಗಾಡಿಯ ಕಡೆಗೇ. ಆಕಾರ ಸರಿಯಾಗಿ ಕೂತಿತೆಂದು ಕೊಂಡವರೂ ಕೊಡಿಸಿದವರೂ ತೃಪ್ತಿಪಟ್ಟಿದ್ದರು, ಅಷ್ಟೆ.

ನಮ್ಮ 1989ರ ಮೋಟಾರು ನಿಯಮಗಳು ಎಂಟು ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣನ್ನು ದೀಪ ಕೋರೈಸಬಾರದೆಂದು ಹೇಳುತ್ತವೆ. ಒಂದೂವರೆ ಮೀಟರೆಂದರೆ ನಡೆದು ಹೋಗುವವನ ಕಣ್ಣಿನ ಎತ್ತರ. ಗಾಡಿಯ ಮೂಲ ರಚನೆಯನ್ನು ಮನಬಂದಂತೆ ಬದಲಿಸುವುದಕ್ಕೂ 1988ರ ಕಾಯಿದೆಯ 52ನೆಯ ಕಲಮಿನ ಅಡ್ಡಿಯಿದೆ. ಆದ್ದರಿಂದ ದೀಪ ಕೊಳ್ಳುವ ಮುನ್ನ ವಿಚಾರಿಸುವುದು ಲೇಸು.

ಗೆಳೆಯರು ಆ ದೀಪಗಳನ್ನು ತೆಗೆಸಿ, ಎಡಬದಿಯ ಓಡಾಟಕ್ಕೆ ತಕ್ಕ ಜೋಡಿಯನ್ನು ಹಾಕಿಸಿದರು. ಮೆಕ್ಯಾನಿಕ್ ಮತ್ತೆ ಗೋಡೆಯೆದುರು ನಿಲ್ಲಿಸಿ, ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ನಾಲ್ಕು ಬೆರಳಿನಷ್ಟು ಕೆಳಗೆ ಬರುವಂತೆ ತಿರುಪು ತಿರುಗಿಸಿದರು. ಒಟ್ಟು ಕೆಲಸ ಅರ್ಧ ಗಂಟೆಯದು. ಹಾಲಿನ ವ್ಯಾನು ಈಗಲೂ ರಾತ್ರಿ ಅದೇ ತಿರುವಿನಲ್ಲಿ ಎದುರಾಗುತ್ತದಂತೆ. ಗೆಳೆಯರು ಎಡಗಾಲಿನಿಂದ ಗುಂಡಿ ಒತ್ತುತ್ತಾರೆ. ವ್ಯಾನಿನವನೂ ತನ್ನ ದೀಪ ತಗ್ಗಿಸುತ್ತಾನೆ. ಒಂದು ಕ್ಷಣ ಇಬ್ಬರಿಗೂ ದಾರಿ ಕಾಣುತ್ತದೆ, ಹಾದು ಹೋಗುತ್ತಾರೆ.