ನ್ಯಾಟ್: ಮನೆಯ ರೌಟರ್‌ನಲ್ಲಿ ವಿಳಾಸ ಬದಲಾವಣೆ

ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳೆಲ್ಲ ಒಂದೇ ಸಾರ್ವಜನಿಕ ಐಪಿ ವಿಳಾಸದಿಂದ ಇಂಟರ್ನೆಟ್ ಬಳಸುವಂತೆ ಮಾಡುವ ರೌಟರ್‌ನ ವ್ಯವಸ್ಥೆಯೇ ನ್ಯಾಟ್. ಐಪಿವಿ4ರಲ್ಲಿರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಆ ಕೊರತೆಗೆ ತಾತ್ಕಾಲಿಕ ಪರಿಹಾರವಾಗಿ 1994ರ ಆರ್‌ಎಫ್‌ಸಿ 1631 ಎಂಬ ಇಂಟರ್ನೆಟ್ ದಾಖಲೆ ಇದನ್ನು ಮುಂದಿಟ್ಟಿತು.

ಒಳಗಿನಿಂದ ಹೊರಟ ಪ್ರತಿ ಸಂಪರ್ಕವನ್ನೂ ರೌಟರ್ ಪೋರ್ಟ್ ಸಂಖ್ಯೆಯೊಡನೆ ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಸರಿಯಾದ ಸಾಧನಕ್ಕೆ ತಲುಪಿಸುತ್ತದೆ. ಹೊರಗಿನಿಂದ ತಾನಾಗಿ ಬಂದ ಕೋರಿಕೆ ಯಾರಿಗೆಂದು ಅದಕ್ಕೆ ತಿಳಿಯದು. ಅದಕ್ಕೇ ಅಂಥ ಕೋರಿಕೆಯನ್ನು ಯಾವ ಸಾಧನಕ್ಕೆ ಕಳಿಸಬೇಕೆಂದು ಹೇಳುವ ಪೋರ್ಟ್ ಫಾರ್ವರ್ಡಿಂಗ್ ನಿಯಮ ಬೇಕು.

ಉದಾಹರಣೆಗೆ, ಮನೆಯ ವೆಬ್ ಸರ್ವರ್‌ಗೆ ರೌಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ 192.168.1.20 ವಿಳಾಸವನ್ನು ಕಾಯ್ದಿರಿಸಿ, ಟಿಸಿಪಿ 443ನೇ ಪೋರ್ಟನ್ನು ಅದರತ್ತ ತಿರುಗಿಸಬೇಕು. ರೌಟರ್‌ನ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರವರೆಗಿನ ಸಾಲಿನದಾಗಿದ್ದರೆ ಸೇವಾದಾತರ ಕಡೆಯಲ್ಲೂ ಇನ್ನೊಂದು ನ್ಯಾಟ್ ಇರುತ್ತದೆ. ಆಗ ಮನೆಯ ನಿಯಮವೊಂದೇ ಸಾಲದು.